ಗಾಲಿಕುರ್ಚಿಯ ದಾನವೂ ಅದರ ಅಳತೆಯೂ

ಈ ಸ್ಮರಣ ಸಂಚಿಕೆಯನ್ನು ತೆರೆದಿರುವ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಹಿತೈಷಿಗಳೂ ಶಾಲೆಯ ಅಭಿವೃದ್ಧಿಯನ್ನು ಕುರಿತು ನಮ್ಮಿಂದ ನಾಲ್ಕು ಮಾತುಗಳನ್ನು ನಿರೀಕ್ಷಿಸಿರಬಹುದು. ಕಟ್ಟಡದ ವಿಷಯವೂ ಪರೀಕ್ಷೆಗಳ ಫಲಿತಾಂಶವೂ ಬೇರೆ ಪುಟಗಳಲ್ಲಿ ಬಂದಿರುವುವು. ನಾವಾದರೋ ಇಲ್ಲಿ ಕೆಲವರಿಗೆ ಅಪ್ರಿಯವಾಗಿ ತೋರಬಹುದಾದ ಒಂದು ಅಭಿಪ್ರಾಯವನ್ನು ಬರೆಯಲು ಅಪ್ಪಣೆ ಬೇಡುವೆವು. ಈ ವರ್ಷದ ಉತ್ಸವದ ಅಂಗವಾಗಿ ಮದ್ದೂರು ಮಳವಳ್ಳಿ ತಾಲ್ಲೂಕುಗಳ ಅಂಗವಿಕಲರಿಗೆ 50 ಗಾಲಿಕುರ್ಚಿಗಳನ್ನು ಒಂದೇ ದಿವಸ, ನಮ್ಮ ಶಾಲೆಯ ವೇದಿಕೆಯ ಮೇಲೆ ದಾನ ಮಾಡತಕ್ಕದ್ದೆಂದೂ, ಬರಲಾರದವರ ಊರುಗಳಿಗೆ ನಮ್ಮ ಹುಡುಗಿಯರು ಬಸ್ಸಿನಲ್ಲಿ ಹೋಗಿ ಕೊಟ್ಟು ಬರತಕ್ಕದ್ದೆಂದೂ ಒಂದು ಸಲಹೆ ಬಂದಿರುವುದು. ಸಲಹೆ ಮಾಡಿದವರು ಈ ಶಾಲೆಯ ಬೆಂಚುಗಳ ಮೇಲೆಯೇ ಕೂತು ಕಲಿತವರು. ಅವರ ಔದಾರ್ಯವನ್ನು ನೋಡಿ ನಮ್ಮ ಮನಸ್ಸು ತುಂಬಿ ಬಂದಿತು. ಆದರೂ ಈ ರೂಪದಲ್ಲಿ ಆ ಸಲಹೆಯನ್ನು ಒಪ್ಪುವುದು ನಮ್ಮಿಂದಾಗದು. ಯಾಕೆಂಬುದನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುವ ಬದಲು ಇಲ್ಲಿ ವಿವರವಾಗಿ ಬರೆಯುವೆವು.

ಅಮೆರಿಕ ಯೂರೋಪುಗಳ ಸ್ವಯಂಸೇವಕರು ಆಫ್ರಿಕ ಖಂಡದ ದೇಶಗಳಲ್ಲಿ ಊರಿಂದೂರಿಗೆ ಪ್ರಯಾಣ ಮಾಡುತ್ತಾ ಗಾಲಿಕುರ್ಚಿಗಳನ್ನು ಹಂಚುವ ಚಿತ್ರಗಳನ್ನು ವಾಚಕರು ನೋಡಿರಬಹುದು. ಧೂಳು ಹಿಡಿದ ಲಾರಿಯಿಂದ ಕುರ್ಚಿಯನ್ನು ಇಳಿಸುವರು. ಅದುವರೆಗೆ ನೆಲದ ಮೇಲೆ ತೆವಳುತ್ತಿದ್ದವರನ್ನು ಎತ್ತಿ ಅದರಲ್ಲಿ ಕೂರಿಸುವರು. ಸುತ್ತಲಿದ್ದವರು ಚಪ್ಪಾಳೆ ತಟ್ಟುವರು. ಕೊಟ್ಟವರ ಕಣ್ಣಿನಲ್ಲಿಯೂ ಪಡೆದವರ ಕಣ್ಣಿನಲ್ಲಿಯೂ ನೀರು. ಆ ಕಣ್ಣೀರು ಸುಳ್ಳೆಂದು ನಾವು ಹೇಳುವುದಿಲ್ಲ. ಬಳಿಕ ಲಾರಿ ಮುಂದಿನ ಊರಿಗೆ ಹೊರಡುವುದು. ಅದು ಹೋದ ಮೇಲೆ ಏನಾಯಿತೆಂಬುದು ಮಾತ್ರ ಚಿತ್ರದಲ್ಲಿ ಬರುವುದಿಲ್ಲ.

ಡಾನ್ ಶೋಂಡಾರ್ಫರ್ ಎಂಬ ಅಮೆರಿಕದ ಎಂಜಿನಿಯರೊಬ್ಬರು ಆಫ್ರಿಕದ ಉತ್ತರದಲ್ಲಿರುವ ಮೊರಾಕೊ ದೇಶದ ಟೆಟುವಾನ್ ಪಟ್ಟಣದಲ್ಲಿ ಹೆಂಗಸೊಬ್ಬಳು ಕೈಗಳಿಂದ ದೇಹವನ್ನು ಎಳೆದುಕೊಂಡು ರಸ್ತೆಯನ್ನು ದಾಟುವುದನ್ನು ಕಂಡರು. ಆ ದೃಶ್ಯ ಅವರನ್ನು ಎಷ್ಟೋ ವರ್ಷ ಬಿಡಲಿಲ್ಲ. ಕಡೆಗೆ ಅಂಗಳದಲ್ಲಿ ಹಾಕುವ ಬಿಳಿಯ ಪ್ಲಾಸ್ಟಿಕ್ ಕುರ್ಚಿಗೆ ಸೈಕಲ್ಲಿನ ಬಗೆಯ ಗಾಲಿಗಳನ್ನು ಜೋಡಿಸಿ ಅಗ್ಗದ ಗಾಲಿಕುರ್ಚಿಯೊಂದನ್ನು ಮಾಡಿದರು. ಅಂಥ ನಾಲ್ಕು ಕುರ್ಚಿಗಳನ್ನು 2001ರಲ್ಲಿ ಅವರು ಮೊದಲು ತಂದು ಕೊಟ್ಟದ್ದು ನಮ್ಮ ನೆರೆಯ ಚೆನ್ನೈ ನಗರಕ್ಕೆ. ಅವರು ಸ್ಥಾಪಿಸಿದ ಫ್ರೀ ವೀಲ್‌ಚೇರ್ ಮಿಷನ್ ಅಲ್ಲಿಂದ ಬೆಳೆದು ಅನೇಕ ದೇಶಗಳಿಗೆ ಕುರ್ಚಿಗಳನ್ನು ಕಳುಹಿಸಿರುವುದು. ಆರಂಭದಲ್ಲಿ ದೊಡ್ಡವರಿಗೂ ಮಕ್ಕಳಿಗೂ ಒಂದೇ ಬಗೆಯ ಕುರ್ಚಿ. ಕಾಲಕ್ರಮದಲ್ಲಿ ಅದೇ ಸಂಸ್ಥೆಯು ಬೇರೆ ಬೇರೆ ಗಾತ್ರದ, ಕೂರುವವರ ಮೈಗೆ ಹೊಂದಿಸಬಹುದಾದ ಕುರ್ಚಿಗಳನ್ನು ಮಾಡತೊಡಗಿತು. ಹಾಗೆ ಕಲಿಯುವುದಕ್ಕೆ ಅವರಿಗೆ ವರ್ಷಗಳು ಬೇಕಾದುವು. ಅದೇ ಪಾಠವನ್ನು ನಾವು ಒಂದೇ ಮನೆಯಲ್ಲಿ, ಒಂದೇ ಕುರ್ಚಿಯಿಂದ, ನಾಚಿಕೆಪಟ್ಟು ಕಲಿತೆವು. ಆ ಕಥೆಯನ್ನು ಹೇಳುವೆವು.

ಗೆಜ್ಜಲಗೆರೆಯ ಹೆಸರು ಈಗ ನಮ್ಮ ಸೀಮೆಯ ಹೊರಗೂ ಬಲ್ಲವರುಂಟು. ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ದೊಡ್ಡ ಡೈರಿ ಇರುವುದು ಅಲ್ಲಿ; ಬೆಂಗಳೂರು ಮೈಸೂರುಗಳ ನಡುವಣ ಸುಮಾರು 118 ಕಿಲೋಮೀಟರ್ ಹೆದ್ದಾರಿಯು 2023ರ ಮಾರ್ಚ್ 12ರಂದು ಲೋಕಾರ್ಪಣವಾದದ್ದೂ ಅಲ್ಲಿಯೇ. ಆ ಊರಿನಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಎಂಟನೆಯ ತರಗತಿಯಲ್ಲಿ ತಿಂಗಳಿಗೆ ಎಂಟು ಹತ್ತು ದಿವಸ ಗೈರುಹಾಜರಾಗತೊಡಗಿದಳು. ಲೆಕ್ಕದಲ್ಲಿ ಜಾಣೆ; ಬೈಸಿಕೊಳ್ಳುವ ಸ್ವಭಾವದವಳಲ್ಲ. ವಿಚಾರಿಸಿದಾಗ ತಿಳಿದುದೇನೆಂದರೆ, ಅವಳ ತಾಯಿ ಕಬ್ಬು ತುಂಬಿದ ಗಾಡಿಯ ಮೇಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ್ದರು. ತಂದೆ ಆಲೆಮನೆಯ ಕೂಲಿಗೆ ಹೋಗುವವರು. ತಾಯಿಯನ್ನು ಚಾಪೆಯಿಂದ ಎತ್ತುವುದು, ಬಚ್ಚಲಿಗೆ ಒಯ್ಯುವುದು, ಬಿಸಿಲಿಗೆ ಕೂರಿಸುವುದು, ಇವೆಲ್ಲ ಆ ಮಗುವಿನ ಕೆಲಸ. ಅವಳಿಗೊಬ್ಬ ಅಣ್ಣನೂ ಉಂಟು. ಅವನ ಶಾಲೆಯ ಹಾಜರಿಯಲ್ಲಿ ಏನೂ ಕೊರತೆಯಿರಲಿಲ್ಲವೆಂಬುದನ್ನೂ ಇಲ್ಲಿಯೇ ಬರೆದಿಡುವೆವು.

ನಮ್ಮ ಹುಡುಗಿಯರು ಕಸೂತಿ ಕೆಲಸಗಳನ್ನು ಮಾರಿ ಹಣ ಕೂಡಿಸಿದರು. ಅಂಗಡಿಯಿಂದ ಒಂದು ಗಾಲಿಕುರ್ಚಿಯನ್ನು ಕೊಂಡೆವು; ಆಸ್ಪತ್ರೆಗಳಲ್ಲಿ ಕಾಣುವಂಥದು, ಮಡಿಸಲು ಬರುವಂಥದು, ನೋಡಲು ಥಳಥಳನೆ ಹೊಳೆಯುವಂಥದು. ವ್ಯಾನಿನಲ್ಲಿ ಇಪ್ಪತ್ತು ಮಂದಿ ಹಾಡುತ್ತಾ ಹೋದೆವು. ಕುರ್ಚಿಗೆ ಸೇವಂತಿಗೆಯ ಹಾರ ಹಾಕಿದೆವು. ತಾಯಿಯನ್ನು ಅದರಲ್ಲಿ ಕೂರಿಸಿ ಚಿತ್ರ ತೆಗೆದೆವು. ಆ ಚಿತ್ರವು ಆ ವರ್ಷದ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವುದು, ಬೇಕಾದವರು ತೆಗೆದು ನೋಡಬಹುದು. ಮುಕ್ಕಾಲು ಗಂಟೆಯೊಳಗೆ ಹೊರಟು, ದಾರಿಯಲ್ಲಿ ಮದ್ದೂರು ವಡೆಯನ್ನು ತಿಂದು ಶಾಲೆಗೆ ಹಿಂದಿರುಗಿದೆವು.

ಆರು ತಿಂಗಳು ಕಳೆದ ಮೇಲೆ ಹಾಜರಿ ಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ಆ ಹುಡುಗಿಯ ಹೆಸರಿನ ಮುಂದೆ ಮೊದಲಿಗಿಂತಲೂ ಹೆಚ್ಚು ಗೈರುಹಾಜರಿಯ ಗುರುತುಗಳು ಕಂಡುವು. ಮುಂದಿನ ಶನಿವಾರ ಮುಂಚಿತವಾಗಿ ತಿಳಿಸದೆ ನಾವೊಬ್ಬರೇ ಹೋದೆವು. ಕುರ್ಚಿಯು ಜಗಲಿಯ ಮೂಲೆಯಲ್ಲಿತ್ತು. ಅದರ ಮೇಲೆ ರಾಗಿಯ ಮೂಟೆ. ಮೂಟೆಯ ಮೇಲೆ ಬೆಕ್ಕು. ತಾಯಿ ಒಳಗೆ ಅದೇ ಚಾಪೆಯ ಮೇಲಿದ್ದರು.

ನಮ್ಮ ಮುಖವನ್ನು ನೋಡಿದೊಡನೆ ಹುಡುಗಿಗೆ ಅಳು ಬಂದಿತು. "ಮೊದ್ಲು ಅವ್ವನ್ನ ಮಾತ್ರ ಎತ್ತಬೇಕಿತ್ತು ಮೇಡಂ. ಈಗ ಅವ್ವನ್ನೂ ಎತ್ತಬೇಕು, ಕುರ್ಚೀನೂ ಎತ್ತಬೇಕು" ಎಂದಳು.

"ಸುಮ್ಕಿರು ಮಗ, ಅವ್ರು ಒಳ್ಳೇದಕ್ಕೇ ತಂದ್ಕೊಟ್ರು" ಎಂದು ತಾಯಿ ಅವಳನ್ನು ಗದರಿ, ನಮ್ಮ ಕಡೆಗೆ ತಿರುಗಿ, "ಕುರ್ಚಿ ಚೆಂದಾಗೈತೆ ಕಣ್ರವ್ವ. ನಮ್ಮನೆ ಬಾಗ್ಲೇ ಸಣ್ದಾಯ್ತು" ಎಂದರು. ತಮ್ಮ ಮನೆಯ ಬಾಗಿಲು ತಪ್ಪು ಮಾಡಿತೆಂಬಂತೆ ಅವರು ಆಡಿದ ಆ ಮಾತು ಈಗಲೂ ನಮ್ಮ ಕಿವಿಯಲ್ಲಿರುವುದು.

ಆ ದಿವಸ ನಾವು ಅಳೆದು ನೋಡಿದೆವು. ಕುರ್ಚಿಯ ಅಗಲ 26 ಅಂಗುಲ. ಬಾಗಿಲಿನ ಅಗಲ 24. ಹಿತ್ತಿಲಿನ ಕಕ್ಕಸಿನ ಬಾಗಿಲು ಅದಕ್ಕಿಂತಲೂ ಕಿರಿದು. ಜಗಲಿಯು ನೆಲದಿಂದ ಒಂದೂವರೆ ಅಡಿ ಎತ್ತರ. ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಆಸ್ಪತ್ರೆಯ ನುಣುಪು ನೆಲಕ್ಕೆ ತಕ್ಕವು. ಅಂಗಳದ ಮಣ್ಣಿನಲ್ಲಿ ಅವು ಹೂತುಕೊಳ್ಳುತ್ತಿದ್ದುವು. ಇವೆಲ್ಲಕ್ಕಿಂತ ಭಯಂಕರವಾದ ಸಂಗತಿ ಬೇರೊಂದಿತ್ತು. ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತ ಭಾಗದಲ್ಲಿ ಸ್ಪರ್ಶಜ್ಞಾನವಿರುವುದಿಲ್ಲ. ನಮಗಾದರೆ ಸ್ವಲ್ಪ ಹೊತ್ತಿಗೆ ನೋವು ತಿಳಿದು ಮಗ್ಗುಲು ಬದಲಿಸುವೆವು, ಅವರಿಗೆ ತಿಳಿಯದು. ಮೆತ್ತೆಯಿಲ್ಲದ ಕುರ್ಚಿಯಲ್ಲಿ ಒಂದೇ ಸಮನೆ ಕೂತರೆ ಮೂಳೆಯ ಒತ್ತಡದಿಂದ ರಕ್ತಸಂಚಾರ ನಿಂತು ಚರ್ಮವು ಕೊಳೆಯತೊಡಗುವುದು. ಆ ಹುಣ್ಣು ಒಳಕ್ಕೆ ಇಳಿದು ವಿಷವೇರಿದರೆ ಪ್ರಾಣಕ್ಕೇ ಅಪಾಯ. ಕುರ್ಚಿಯಲ್ಲಿ ಕೂತ ಮೊದಲನೆಯ ವಾರದಲ್ಲೇ ಅವರಿಗೆ ರೂಪಾಯಿಯಗಲದ ಹುಣ್ಣಾಗಿ, ಅದು ಮಾಯಲು ತಿಂಗಳುಗಳು ಹಿಡಿದವಂತೆ. ನಾವು ಹಾರ ಹಾಕಿ ಕೊಟ್ಟ ಕುರ್ಚಿಯಿಂದಾದ ಹುಣ್ಣು ಅದು. ಅವರು ನಮಗೆ ಹೇಳಿ ಕಳುಹಿಸಲಿಲ್ಲ. ದಾನವಾಗಿ ಬಂದುದರ ಮೇಲೆ ದೂರು ಹೇಳುವುದು ಹೇಗೆಂಬ ಸಂಕೋಚ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಗಾಲಿಕುರ್ಚಿಗಳನ್ನು ಒದಗಿಸುವ ಕ್ರಮವನ್ನು ಕುರಿತು ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಎಂಟು ಹಂತಗಳನ್ನು ಹೇಳಿರುವುದು. ವ್ಯಕ್ತಿಯನ್ನು ಗುರುತಿಸುವುದರಿಂದ ಮೊದಲಾಗಿ, ಅವರ ಮೈಯನ್ನೂ ಮನೆಯನ್ನೂ ನೋಡಿ ಅಳೆದು, ತಕ್ಕ ಕುರ್ಚಿಯನ್ನು ಗೊತ್ತುಮಾಡಿ, ಹಣ ಹೊಂದಿಸಿ, ಸಿದ್ಧಪಡಿಸಿ, ಕೂರಿಸಿ ಹೊಂದಿಸಿ, ಉಪಯೋಗಿಸಲು ಕಲಿಸಿ, ಮುಂದೆ ರಿಪೇರಿಯನ್ನೂ ನೋಡಿಕೊಳ್ಳುವವರೆಗೆ. ನಾವು ಇವುಗಳಲ್ಲಿ ಹಣ ಹೊಂದಿಸುವ ಹಂತವೊಂದನ್ನೇ ಮಾಡಿ, ಅದಕ್ಕೆ ಸೇವೆಯೆಂದು ಹೆಸರಿಟ್ಟು ವರದಿಯಲ್ಲಿ ಅಚ್ಚುಹಾಕಿಸಿದ್ದೆವು. ಅದೇ ಸಂಸ್ಥೆಯ ಅಂದಾಜಿನ ಪ್ರಕಾರ ನೂರು ಜನರಲ್ಲಿ ಒಬ್ಬರಿಗೆ ಗಾಲಿಕುರ್ಚಿ ಬೇಕಾಗಿರುವುದು. ಪೋಲಿಯೋ ಹೋಯಿತಲ್ಲ, ಇನ್ನೆಲ್ಲಿಯ ಅಂಗವಿಕಲರು ಎಂದು ಕೇಳುವವರನ್ನು ನಾವು ಕಂಡಿರುವೆವು. ದೇಶದಲ್ಲಿ ವೈಲ್ಡ್ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯದು, ನಿಜ. ಆದರೆ ಅದಕ್ಕೆ ಮುಂಚೆ ಕಾಲು ಸೋತವರು ನಮ್ಮ ನಡುವೆ ಇರುವರು; ಕಬ್ಬಿನ ಗಾಡಿಯಿಂದಲೂ ತೆಂಗಿನ ಮರದಿಂದಲೂ ಬೀಳುವವರು, ಹೆದ್ದಾರಿಯಲ್ಲಿ ಪೆಟ್ಟಾದವರು, ಪಾರ್ಶ್ವವಾಯು ಹೊಡೆದ ಅಜ್ಜಿಯರು, ಹುಟ್ಟುವಾಗಲೇ ಮಿದುಳಿಗೆ ಘಾಸಿಯಾದ ಮಕ್ಕಳು, ಇವರ ಸಂಖ್ಯೆ ಕಡಮೆಯಾಗಿಲ್ಲ.

ಆ ಶನಿವಾರ ಹೊರಡುವ ಮುಂಚೆ, ಮೊದಲನೆಯ ಸಲವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ತಾಯಿಗೆ ಕೇಳಿದೆವು. "ಎಲ್ಲಿಗೆ ಹೋಗಬೇಕೆಂದು ನಿಮಗೆ ಆಸೆ, ತಾಯಿ?"

ದೇವಸ್ಥಾನವನ್ನೋ ತವರುಮನೆಯನ್ನೋ ಹೇಳುವರೆಂದು ಎಣಿಸಿದ್ದೆವು. "ಡೈರಿಗೆ ಹೋಗ್ಬೇಕು ಕಣ್ರವ್ವ. ಹಸ ನಂದು, ಪುಸ್ತಕ ನನ್ ಹೆಸ್ರಲ್ಲೈತೆ. ಹಾಲು ಹಾಕಿ, ಡಿಗ್ರಿ ಎಷ್ಟ್ ಬಂತು ಅಂತ ನಾನೇ ನೋಡ್ಬೇಕು. ಅವ್ರಿವ್ರ ಕೈಲಿ ಕಳ್ಸಿ ಕಳ್ಸಿ ಸಾಕಾಗದೆ" ಎಂದರು. ಅವರ ಮನೆಯಿಂದ ಬೀದಿಯ ಕೊನೆಯಲ್ಲಿರುವ ಹಾಲಿನ ಸೊಸೈಟಿಗೆ ನೂರೈವತ್ತು ಗಜ ದೂರವಿರಬಹುದು.

ಮುಂದೆ ನಡೆದುದನ್ನು ಸಂಕ್ಷೇಪವಾಗಿ ಹೇಳುವೆವು. ಈ ಕೆಲಸದಲ್ಲಿ ತರಬೇತಾದ ಒಬ್ಬಾಕೆಯನ್ನು ಬೆಂಗಳೂರಿನಿಂದ ಬರಮಾಡಿಕೊಂಡೆವು. ಆಕೆ ಮೊದಲು ಚೀಲದಿಂದ ತೆಗೆದದ್ದು ದರ್ಜಿಯ ಟೇಪು. ಸೊಂಟದ ಅಗಲ, ತೊಡೆಯ ಉದ್ದ, ಮಂಡಿಯಿಂದ ಹಿಮ್ಮಡಿಯವರೆಗಿನ ಉದ್ದ, ಆಮೇಲೆ ಬಾಗಿಲುಗಳು, ಮಂಚ, ಅಂಗಳ. ತಾಯಿ ಸಣಕಲು ಮೈಯವರು; ಅವರ ಅಳತೆಗೆ ತಕ್ಕ ಕುರ್ಚಿಯ ಒಟ್ಟು ಅಗಲ 22 ಅಂಗುಲವಾಗಿ ಹಳೆಯ ಬಾಗಿಲಿನಲ್ಲಿಯೇ ದಾಟಿತು! ಬಾಗಿಲು ಸಣ್ಣದಾಗಿರಲಿಲ್ಲ, ಕುರ್ಚಿಯೇ ದೊಡ್ಡದಾಗಿತ್ತು. ಕಕ್ಕಸಿನ ಬಾಗಿಲನ್ನು ಮಾತ್ರ ಅಗಲಿಸಬೇಕಾಯಿತು. ಮುಂದಿನ ಗಾಲಿಗಳು ದೊಡ್ಡವಾಗಿರುವಂಥದನ್ನೂ, ಹಿಂದಿನ ಟೈರು ಪಂಕ್ಚರಾದರೆ ಮದ್ದೂರಿನ ಸೈಕಲ್ ಅಂಗಡಿಯಲ್ಲಿಯೇ ಸರಿಮಾಡಬಹುದಾದಂಥದನ್ನೂ ಆರಿಸಿದೆವು. ಜಗಲಿಗೆ ಇಳಿಜಾರು ಕಟ್ಟಿಸುವುದು ಎಲ್ಲಕ್ಕಿಂತ ತೊಡಕಾಯಿತು. ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದವಿರಬೇಕೆಂಬುದು ನಿಯಮ. ಹಾಗಾದರೆ ಒಂದೂವರೆ ಅಡಿ ಜಗಲಿಗೆ 18 ಅಡಿ ಇಳಿಜಾರು. ಅಂಗಳವಿದ್ದದ್ದು 14 ಅಡಿ. ಗಾರೆ ಕೆಲಸದವರು, ಇಷ್ಟೇಕೆ ಬೇಕು, ಕಡಿದಾಗಿ ಕಟ್ಟಿಬಿಡೋಣವೆಂದರು. ಆಕೆ ಒಪ್ಪಲಿಲ್ಲ. ಗೋಡೆಯ ಮಗ್ಗುಲಲ್ಲಿ 9 ಅಡಿ ಹೋಗಿ, ಕುರ್ಚಿ ತಿರುಗುವಷ್ಟು ಸಮತಟ್ಟು ಬಿಟ್ಟು, ಮತ್ತೆ 9 ಅಡಿ ಹಿಂದಕ್ಕೆ ಬರುವಂತೆ ಕಟ್ಟಿಸಿದರು. ಬಳಿಕ ಮೆತ್ತೆ. ಬಳಿಕ ಪಾಠ: ಪ್ರತಿ ಅರ್ಧ ಗಂಟೆಗೊಮ್ಮೆ ಎರಡು ಕೈಗಳನ್ನೂ ಊರಿ ಮೈಯನ್ನು ಎತ್ತುವುದು, ಹಲಗೆಯ ಮೇಲೆ ಜಾರಿ ಮಂಚಕ್ಕೆ ಹೋಗುವುದು. ಈ ಕೊನೆಯದನ್ನು ಕಲಿತ ದಿವಸ ಮಗಳು ಅವರನ್ನು ಎತ್ತುವುದು ತಪ್ಪಿತು.

ಎಲ್ಲಕ್ಕೂ ತಗಲಿದ ಹಣ, ನಾವು ಮೊದಲು ಕೊಂಡಂಥ ಮೂರು ಕುರ್ಚಿಗಳ ಬೆಲೆ. ಈ ಲೆಕ್ಕವನ್ನು ಹಿಡಿದೇ ಹೇಳುವೆವು: 50 ಕುರ್ಚಿಗಳಿಗೆ ಕೂಡಿಸಿರುವ ಹಣದಿಂದ 16 ಮಂದಿಗೆ ಸರಿಯಾದ ಸಹಾಯವನ್ನು ಮಾಡಬಹುದು.

ಉಳಿದ 34 ಮಂದಿಯ ಗತಿಯೇನೆಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ, ಇದಕ್ಕೆ ಉತ್ತರವನ್ನು ಹುಡುಕದೆ ನಾವು ಸುಮ್ಮನಿದ್ದುಬಿಟ್ಟರೆ ಅದೂ ಒಂದು ಬಗೆಯ ಡಂಭವಾಗುವುದು. ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಎಡಿಪ್ ಎಂಬ ಯೋಜನೆಯನ್ನು ಕೇಂದ್ರ ಸರಕಾರವು 1981ರಿಂದ ನಡೆಸುತ್ತಿರುವುದು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಅಲಿಮ್ಕೊ ಕಾರ್ಖಾನೆಯಲ್ಲಿ ಗಾಲಿಕುರ್ಚಿಗಳು ತಯಾರಾಗುವುವು. ಶೇಕಡ 40 ಅಥವಾ ಹೆಚ್ಚು ವೈಕಲ್ಯದ ಪ್ರಮಾಣಪತ್ರವುಳ್ಳ, ಆದಾಯ ಕಡಮೆಯಿರುವ ಕುಟುಂಬದವರಿಗೆ ಕುರ್ಚಿಯು ಧರ್ಮಾರ್ಥವಾಗಿಯೇ ದೊರೆಯುವುದು. ಗ್ರಾಮಪಂಚಾಯಿತಿಗಳಲ್ಲಿ ಇದಕ್ಕೆಂದೇ ಪುನರ್ವಸತಿ ಕಾರ್ಯಕರ್ತರು ಇರುವರು. ಕಾಗದಪತ್ರಗಳನ್ನು ಬರೆದು, ಆಸ್ಪತ್ರೆಗೆ ಕರೆದೊಯ್ದು, ಕಾರ್ಡು ಮಾಡಿಸಿಕೊಡುವವರಿಲ್ಲದೆ ಎಷ್ಟೋ ಮನೆಗಳವರು ಹಾಗೆಯೇ ಕುಳಿತಿರುವರು. ಈ ಕೆಲಸವನ್ನು ನಮ್ಮ ಒಂಬತ್ತು ಹತ್ತನೆಯ ತರಗತಿಯ ಹುಡುಗಿಯರು ಚೆನ್ನಾಗಿ ಮಾಡಬಲ್ಲರು. ಅರ್ಜಿ ಬರೆಯುವುದನ್ನು ವ್ಯಾಕರಣದ ಪಾಠದಲ್ಲಿ ಕಲಿಸಿಯೇ ಇರುವೆವು. ಸರಕಾರದಿಂದ ಬಂದ ಕುರ್ಚಿಗೂ ಮೆತ್ತೆ ಬೇಕು, ಹೊಂದಿಕೆ ಬೇಕು, ಇಳಿಜಾರು ಬೇಕು, ರಿಪೇರಿ ಬೇಕು. ಕೊರತೆ ಇರುವುದು ಅಲ್ಲಿ. ನಮ್ಮ ಹಣದ ಬಹುಭಾಗವು ಅಲ್ಲಿಗೇ ಹೋಗಲಿ. ಹಾಗೆ ಮಾಡಿದಲ್ಲಿ 16 ಎಂಬ ಸಂಖ್ಯೆಯು ಇನ್ನೂ ಬೆಳೆಯುವುದು, ಒಂದೇ ದಿವಸದಲ್ಲಿ ಬೆಳೆಯದಿದ್ದರೂ.

ಇನ್ನೊಂದು ಮಾತು. ಕುರ್ಚಿಗಳನ್ನು ಹಂಚಬೇಕೆಂದು ಸಭೆ ಸೇರಿದ ಹನ್ನೊಂದು ಮಂದಿಯಲ್ಲಿ, ನಾವೂ ಸೇರಿದಂತೆ, ಗಾಲಿಕುರ್ಚಿಯಲ್ಲಿ ಕೂರುವವರು ಒಬ್ಬರೂ ಇರಲಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು, ಎ.ಪಿ.ಡಿ. ಎಂದು ಹೆಸರಾದುದನ್ನು, ಸ್ಥಾಪಿಸಿದ ಎನ್. ಎಸ್. ಹೇಮಾ ಅವರು ತಾವೇ ಪೋಲಿಯೋದಿಂದ ನಡೆಯಲಾರದವರಾಗಿದ್ದರು. ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸರು 1954ರಲ್ಲಿ ಮೋಟಾರು ಅಪಘಾತದಲ್ಲಿ ಬೆನ್ನುಹುರಿ ಮುರಿದು, ಬಳಿಕ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಆರಂಭವಾದ ಪುನರ್ವಸತಿ ಕೇಂದ್ರವು ಅವರ ಪ್ರಯತ್ನದ ಫಲ. ಹೀಗೆ ಕೂತವರೇ ಮುಂದೆ ನಿಂತು ನಡೆಸಿದ ಕೆಲಸಗಳು ನಮ್ಮ ಸಮೀಪದಲ್ಲಿಯೇ ಇರುವಾಗ ನಾವು ಅವರನ್ನು ಕೇಳದೆ ನಿರ್ಣಯಿಸಲು ಹೊರಟದ್ದು ಉಚಿತವಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೇ ಚಿಕ್ಕಂದಿನಲ್ಲಿ ಪೋಲಿಯೋ ಬಂದವರು ಇಬ್ಬರಿರುವರು. ಅವರನ್ನು ಮುಂದಿನ ಸಭೆಗೆ ಆಹ್ವಾನಿಸಿರುವೆವು. ಅವರಲ್ಲೊಬ್ಬರು ಬರೆದ ಉತ್ತರದಲ್ಲಿ ಒಂದು ಪ್ರಶ್ನೆಯಿತ್ತು: ಸಭೆ ನಡೆಯುವುದು ಮಹಡಿಯ ಮೇಲಿನ ಕೋಣೆಯಲ್ಲಿಯೋ ಹೇಗೆ ಎಂದು.

ಸಭೆಯನ್ನು ಕೆಳಗಿನ ತರಗತಿಗೆ ವರ್ಗಾಯಿಸಿದೆವು. ಆಗ ನಮ್ಮ ಕಣ್ಣು ಶಾಲೆಯ ಮೇಲೆಯೇ ಬಿದ್ದಿತು. 50 ಕುರ್ಚಿಗಳನ್ನು ದಾನ ಮಾಡಬೇಕೆಂದಿರುವ ವೇದಿಕೆಗೆ ಆರು ಮೆಟ್ಟಿಲುಗಳುಂಟು, ಇಳಿಜಾರು ಇಲ್ಲ. ಕುರ್ಚಿ ಪಡೆಯಲು ಬಂದವರನ್ನು ಹೊತ್ತುಕೊಂಡೇ ಮೇಲಕ್ಕೆ ಹತ್ತಿಸಬೇಕು. ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದ ವೃತ್ತಾಂತವು ನಮ್ಮ ಹುಡುಗಿಯರಿಗೆಲ್ಲ ಬಾಯಿಪಾಠವಾಗಿರುವುದು. ಬಾಗಿಲಿನಲ್ಲಿ ದಾರಿ ಸಿಕ್ಕದಿರಲಾಗಿ ಆ ನಾಲ್ವರು ಮನೆಯ ಮಾಳಿಗೆಯನ್ನೇ ತೆರೆದರಲ್ಲವೇ! ಕಟ್ಟಡದ ಮೇಲೆ ಕೈಯಿಡಲು ಅವರು ಹಿಂಜರಿಯಲಿಲ್ಲ. ವೇದಿಕೆಗೂ ಗ್ರಂಥಾಲಯದ ಬಾಗಿಲಿಗೂ ಇಳಿಜಾರು ಕಟ್ಟಿಸುವ ಅಂದಾಜನ್ನು ತರಿಸಿ ಆಡಳಿತ ಮಂಡಲಿಯ ಮುಂದಿಟ್ಟಿರುವೆವು.

ಗೆಜ್ಜಲಗೆರೆಯ ಆ ತಾಯಿ ಈಗ ಬೆಳಗಿನ ಹೊತ್ತು ಹಾಲಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಸೊಸೈಟಿಗೆ ಹೋಗುವರು. ಮಳೆಯ ದಿವಸಗಳಲ್ಲಿ ಆಗುವುದಿಲ್ಲ. ಬೀದಿಯ ಚರಂಡಿಯೊಂದಕ್ಕೆ ಹಾಸುಗಲ್ಲಿಲ್ಲ, ಅದಕ್ಕಾಗಿ ಪಂಚಾಯಿತಿಗೆ ಎರಡು ಅರ್ಜಿಗಳನ್ನು ಕೊಟ್ಟಿರುವೆವು. ಮಗಳು ಹತ್ತನೆಯ ತರಗತಿಯಲ್ಲಿರುವಳು. ಕಬ್ಬು ಕಡಿಯುವ ಕಾಲದಲ್ಲಿ ಈಗಲೂ ತಿಂಗಳಿಗೆ ಎರಡು ಮೂರು ದಿವಸ ತಪ್ಪಿಸುವಳು. ಅಣ್ಣನಿಗೆ ಅಡಿಗೆ ಕಲಿಸಿರೆಂದು ತಾಯಿಗೆ ಹೇಳಿ ಬಂದಿರುವೆವು. ಅವರು ನಕ್ಕರು, ಉತ್ತರ ಹೇಳಲಿಲ್ಲ.

ನಮ್ಮ ಸಲಹೆಗೆ ಸಮ್ಮತಿಯುಳ್ಳ ಹಳೆಯ ವಿದ್ಯಾರ್ಥಿನಿಯರಲ್ಲಿ ಹೊಲಿಗೆ ಬಲ್ಲವರು ಮೆತ್ತೆಗಳ ಕೆಲಸಕ್ಕೂ, ಅಕ್ಷರ ಚೆನ್ನಾಗಿರುವವರು ಅರ್ಜಿಗಳ ಕೆಲಸಕ್ಕೂ ಹೆಸರು ಕೊಡಬೇಕಾಗಿ ಪ್ರಾರ್ಥಿಸುವೆವು. ಅಳತೆಗೆ ಹೋಗುವ ಮೊದಲ ತಂಡವು ಉತ್ಸವವಾದ ಮುಂದಿನ ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಶಾಲೆಯಿಂದ ಹೊರಡುವುದು. ಒಂದು ದಿವಸಕ್ಕೆ ಎರಡು ಮನೆಗಳು ಮಾತ್ರ. ಬುತ್ತಿಯನ್ನು ಅವರವರೇ ತರತಕ್ಕದ್ದು.